ನಲವತ್ತು ಐಸ್‌ಗಡ್ಡೆಯ ಬಿಸಿಲು

ಹೆಸರಿಡುವುದು ಹೆತ್ತವರು, ಆ ಹೆಸರು ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ಬೀದಿ. ದೋಣಿ ಕಟ್ಟುವ ಧಕ್ಕೆಯ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ದರ್ಜಿಯ ನಿಜವಾದ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಅವನು ಟೇಪಣ್ಣ. ಅಳತೆಯ ಟೇಪು ಕೊರಳಲ್ಲಿ ಇಲ್ಲದ ಟೇಪಣ್ಣನನ್ನು ಕಂಡವರಿಲ್ಲ. ಮದುವೆಯ ಫೋಟೋದಲ್ಲೂ ಹೊಸ ಕೋಟಿನ ಮೇಲೆ ಅದು ಸಾಕಿದ ಹಾವಿನ ಹಾಗೆ ನೇತಾಡುತ್ತಿದೆ. ಪಕ್ಕದಲ್ಲಿ ನಿಂತ ಮದುವಣಗಿತ್ತಿಯ ಮುಖ ಯಾಕೋ ಉಸಿರುಕಟ್ಟಿದಂತಿದೆ. ಯಾಕೆಂದು ಆಮೇಲೆ ಗೊತ್ತಾಗುತ್ತದೆ, ಕಥೆಗೆ ಅವಸರವಿಲ್ಲ.

ಟೇಪಣ್ಣ ಮೊದಮೊದಲು ಮನುಷ್ಯರಿಗೆ ಹೊಲಿಯುತ್ತಿದ್ದ. ಮನುಷ್ಯರು ದಪ್ಪಗಾಗುತ್ತಾರೆ, ಸಣ್ಣಗಾಗುತ್ತಾರೆ, ಎರಡಕ್ಕೂ ದರ್ಜಿಯನ್ನೇ ಬಯ್ಯುತ್ತಾರೆ ಎಂದು ಬೇಸತ್ತು ದೋಣಿಗಳಿಗೆ ಹೊಲಿಯತೊಡಗಿದ. ಹಾಯಿ, ಮಳೆಹೊದಿಕೆ, ಕೂರುವ ದಿಂಬು. ಅವನು ಹೊಲಿದ ಹಾಯಿಗಳು ಎಲ್ಲೆಲ್ಲಿಯ ಸಮುದ್ರಗಳನ್ನೋ ಕಂಡು ಬಂದವು. ಅವನು ಮಾತ್ರ ಬಂದರಿನ ಅಲೆತಡೆ ಗೋಡೆಯ ಆಚೆಗೆ ಕಾಲಿಟ್ಟವನಲ್ಲ.

ಹೀಗಿರುವಾಗ ಒಬ್ಬ ಗಿರಾಕಿ ಚಂದದ ಹಾಯಿದೋಣಿಯೊಂದನ್ನು ತಂದು, ಮೂಗಿನಿಂದ ಬಾಲದವರೆಗೆ ಹೊಸ ಬಟ್ಟೆ ಹೊಲಿಸಿ, ಮೊದಲ ದಿನವೇ ಅಲೆಯ ಮೇಲೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿ, ಇನ್ನು ಜನ್ಮದಲ್ಲಿ ಸ್ನಾನಕ್ಕೆ ಬಿಟ್ಟರೆ ನೀರಿನ ಸಹವಾಸ ಬೇಡ ಎಂದು ಅಗ್ಗಕ್ಕೆ ಮಾರಿಬಿಟ್ಟ. ಕೊಂಡವನು ಟೇಪಣ್ಣ. ಒಂದು ಮಂಚ, ಬೀರುವಿನಷ್ಟು ಅಗಲದ ಅಡುಗೆಮನೆ, ಸಣ್ಣ ಇಂಜಿನ್ನು, ತಾನೇ ಹೊಲಿದ ಹಾಯಿ. ಅಂಗಡಿ ಮುಚ್ಚಿ, ಹೆಂಡತಿಯನ್ನು ಕರೆದುಕೊಂಡು, ದಂಡೆಗುಂಟ ಬಂದರಿನಿಂದ ಬಂದರಿಗೆ ನಿಧಾನವಾಗಿ ಹೋಗಬೇಕು. ಇಷ್ಟೇ ಅವನ ಆಸೆ. ಒಬ್ಬನೇ ಹೋಗುವ ಮಾತೇ ಇಲ್ಲ. ಹೆಂಡತಿ ಪಕ್ಕದಲ್ಲಿಲ್ಲದಿದ್ದರೆ ಅವನು ರಸ್ತೆ ದಾಟುವಾಗಲೂ ಯಾವ ಕಡೆ ನೋಡಬೇಕೆಂದು ತಿಳಿಯದೆ ನಿಂತುಬಿಡುವವನು.

ಹೆಂಡತಿಯನ್ನು ಬೀದಿಯವರು ಅಕ್ಕ ಎನ್ನುತ್ತಿದ್ದರು. ಅಕ್ಕನಿಗೆ ಒಂದೇ ಚಟ: ಐಸ್ ಅಗಿಯುವುದು. ಶರಬತ್ತಿಗಲ್ಲ, ಸೆಕೆಗಲ್ಲ, ಸುಮ್ಮನೆ. ಚಳಿಯಲ್ಲಿ ಕಂಬಳಿ ಹೊದ್ದು ಕೂತೂ ಅಗಿಯುವಳು. ಆ ಸದ್ದಿನಿಂದಲೇ ಮನೆಯ ಹವಾಮಾನ ತಿಳಿಯಬೇಕು. ಕಟ್ ಎಂದು ಒಂದೇ ಕಡಿತವಾದರೆ ಎಲ್ಲ ಕ್ಷೇಮ. ಕಟಕಟ ಕಟಕಟ ಎಂದರೆ ಟೇಪಣ್ಣ ತಾನು ಮಾಡಿದ ತಪ್ಪು ಯಾವುದೆಂದು ಹುಡುಕಲು ಶುರುಮಾಡಬೇಕು. ಸದ್ದೇ ಇಲ್ಲದೆ ಬಾಯಲ್ಲಿ ಕರಗಿಸುತ್ತಿದ್ದರೆ ಹುಡುಕುವುದೂ ಬೇಡ, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ನಡೆಯುವುದೇ ವಾಸಿ.

"ದೋಣೀಲಿ ಐಸ್ ಇರುತ್ತಾ ರೀ?" ಎಂದಳು ಅಕ್ಕ, ಅವನು ನಕ್ಷೆ ಬಿಡಿಸಿ ಬಂದರುಗಳನ್ನು ತೋರಿಸುತ್ತಿದ್ದಾಗ.

"ಅಲ್ವೇ, ಇಷ್ಟು ಊರು ತೋರಿಸ್ತಿದೀನಿ..."

"ಊರು ಎಲ್ಲೂ ಓಡಿಹೋಗಲ್ಲ. ಐಸ್ ಕರಗುತ್ತೆ. ಐಸ್ ಇದ್ರೆ ಬರ್ತೀನಿ. ಯಾವತ್ತು ಟ್ರೇ ಖಾಲಿ ಆಗುತ್ತೋ ಅವತ್ತು ಇದ್ದಲ್ಲೇ ಇಳಿದು ಮನೆಗೆ ಬರ್ತೀನಿ. ಆಮೇಲೆ ನೀವುಂಟು, ನಿಮ್ಮ ಸಮುದ್ರ ಉಂಟು."

ಹಾಗಾಗಿ ದೋಣಿಗೆ ಫ್ರಿಜ್ಜು ಬೇಕಾಯಿತು, ಫ್ರಿಜ್ಜಿಗೆ ಕರೆಂಟು ಬೇಕಾಯಿತು, ಕರೆಂಟಿಗೆ ಸೋಲಾರ್ ಪ್ಯಾನೆಲ್ ಬೇಕಾಯಿತು. ಬೇಕಾದಾಗ ನೆನಪಾಗುವವನು ಬಾಮೈದ. ಅಕ್ಕನ ತಮ್ಮ, ಎದುರು ಸಾಲಿನಲ್ಲೇ ಎಲೆಕ್ಟ್ರಿಕ್ ಅಂಗಡಿ. ತಂತಿ ಹಿಡಿಯುವ ಮೊದಲು ಅವನೂ ಟೇಪಣ್ಣನ ಅಂಗಡಿಯಲ್ಲೇ ಕಾಜಾ ಹೊಲಿದು ಕೈ ಪಳಗಿಸಿಕೊಂಡವನು.

"ಭಾವ, ಪ್ಯಾನೆಲ್ ಎಷ್ಟು ಅಂತ ಮೊದಲೇ ಕೇಳಬಾರದು," ಎಂದ ಬಾಮೈದ. "ದಿನಕ್ಕೆ ಕರೆಂಟ್ ಎಷ್ಟು ಕುಡಿಯುತ್ತೆ ಅದು ಮೊದಲು. ಬಿಸಿಲು ನೆಟ್ಟಗೆ ಎಷ್ಟು ಹೊತ್ತು ಬೀಳುತ್ತೆ ಅದು ಎರಡನೇದು. ಪ್ಯಾನೆಲ್ಲು ಕೊನೇಗೆ."

"ಗೊತ್ತಾಯ್ತು ಬಿಡು. ಮೈ ಅಳತೆ ಮೊದಲು, ಬಟ್ಟೆ ಆಮೇಲೆ."

"ಅದೇ. ಫ್ಯಾನು, ದೀಪ ಎಲ್ಲ ಕೈಖರ್ಚು. ದೊಡ್ಡ ಖರ್ಚು ಐಸಿನದು. ಅಕ್ಕ ದಿನಕ್ಕೆ ಎಷ್ಟು ಗಡ್ಡೆ ಅಗೀತಾಳೆ, ಕೇಳ್ಕೊಂಡು ಬಾ."

ಟೇಪಣ್ಣ ಮನೆಗೆ ಹೋಗಿ ಕೇಳಿದ. ಅಕ್ಕ ಸೂರು ನೋಡಿ ಸ್ವಲ್ಪ ಯೋಚಿಸಿ, "ನಲವತ್ತು" ಎಂದಳು.

ಇಲ್ಲಿಂದ ಆದದ್ದನ್ನು ಸರಿಯಾಗಿ ತಿಳಿಯಬೇಕಾದರೆ ಆ ಬೀದಿಯ ವೇದವಾಕ್ಯವೊಂದು ಗೊತ್ತಿರಬೇಕು. 'ಬಿಟ್ಟದ್ದನ್ನು ಮಡಚಬಹುದು, ಕತ್ತರಿಸಿದ್ದನ್ನು ಬೆಳೆಸಲಾಗದು.' ಬಟ್ಟೆ ಕತ್ತರಿಸುವಾಗ ಅಳತೆಗಿಂತ ಒಂದಿಷ್ಟು ಹೆಚ್ಚು ಬಿಡಬೇಕು, ಎಷ್ಟು ಬಿಟ್ಟೆ ಎಂದು ಗಿರಾಕಿಗೆ ಹೇಳಬಾರದು. ಟೇಪಣ್ಣನ ಅಂಗಡಿಯಲ್ಲಿ ಕೂತು ಎದ್ದವರೆಲ್ಲ ಈ ಮಾತನ್ನು ಸೂಜಿಯ ಜೊತೆಗೇ ಕಲಿತವರು.

ನಲವತ್ತು ಎಂದು ಕೇಳಿದ ಟೇಪಣ್ಣ ಒಳಗೊಳಗೇ ನಕ್ಕ. ಸೊಂಟ ಹೇಳುವಾಗ ಹೊಟ್ಟೆ ಒಳಗೆಳೆದುಕೊಳ್ಳದ ಗಿರಾಕಿ ಭೂಮಿಯ ಮೇಲೆ ಹುಟ್ಟಿಲ್ಲ. ತಿನ್ನುವುದನ್ನು ಯಾರು ತಾನೇ ಪೂರ್ತಿ ಒಪ್ಪಿಕೊಳ್ಳುತ್ತಾರೆ? ಅಂಗಳ ದಾಟಿ ರಸ್ತೆ ಮುಟ್ಟುವಷ್ಟರಲ್ಲಿ ನಲವತ್ತು ಎಂಬತ್ತಾಯಿತು. "ಎಂಬತ್ತಂತೆ" ಎಂದ.

ಬಾಮೈದ ತಲೆಯಾಡಿಸಿದ. ಭಾವ ಖರ್ಚಿನಲ್ಲಿ ಯಾವತ್ತೂ ಬಿಗಿ ಕೈಯವನು, ಇವನು ಎಂಬತ್ತು ಎಂದರೆ ಅದರಲ್ಲಿ ಗಾಳಿಯಾಡಲು ಜಾಗ ಇರುವುದಿಲ್ಲ. ಮೇಲೆ ಮೋಡದ ದಿನಗಳು ಬೇರೆ. ಎಂಬತ್ತು ಗಡ್ಡೆಗೆ ನಾಲ್ಕು ಪ್ಯಾನೆಲ್ ಸಾಕೆಂದು ಲೆಕ್ಕ ಬಂದಿತ್ತು. ಪ್ಯಾನೆಲ್ ಅಂಗಡಿಗೆ ಹೋಗಿ ಎಂಟು ಎಂದ. ಅಂಗಡಿಯವನೂ ಒಂದು ಕಾಲಕ್ಕೆ ಟೇಪಣ್ಣನಲ್ಲಿ ಗುಂಡಿ ಹೊಲಿದವನೇ. ಗುರುಗಳ ದೋಣಿಗೆ ಕಡಿಮೆ ಬಿದ್ದರೆ ತನಗೆ ಅವಮಾನ ಎಂದುಕೊಂಡು ಹನ್ನೆರಡು ಕಳಿಸಿದ. ಮೂವರೂ ತುಟಿ ಬಿಚ್ಚಲಿಲ್ಲ. ಮೂವರಿಗೂ ಪುಣ್ಯ ಕಟ್ಟಿಕೊಂಡ ನಿದ್ದೆ.

ಕೈಗಾಡಿಯ ಮೇಲೆ ಪ್ಯಾನೆಲ್ಲುಗಳು ಬಂದು ಧಕ್ಕೆಯ ಮೇಲೆ ಒಂದರ ಪಕ್ಕ ಒಂದು ಇಳಿದಾಗ, ದೋಣಿಗಳಿಗೆ ಅರಗು ಬಳಿಯುತ್ತಿದ್ದ ಮುದುಕ, ಎಲ್ಲರ ದೋಣಿಯಜ್ಜ, ಕುಂಚ ಕೆಳಗಿಟ್ಟ.

"ಏನೋ ಟೇಪಣ್ಣ, ಸೂರ್ಯನ್ನ ಇಡಿಯಾಗಿ ತಗೊಂಡ್ಯಾ? ನಮಗೂ ಒಂದು ಚೂರು ಬಿಡಪ್ಪಾ, ಬಟ್ಟೆ ಒಣಗಿಸ್ಕೋಬೇಕು."

"ಜಾಸ್ತಿ ಆದ್ರೆ ಮಡಚಬಹುದಲ್ಲಜ್ಜ," ಎಂದ ಟೇಪಣ್ಣ ಅಭ್ಯಾಸಬಲದಿಂದ. ಹೇಳಿದ ಮೇಲೆ ಒಂದು ಪ್ಯಾನೆಲ್ಲನ್ನು ಬೆರಳಿನಿಂದ ತಟ್ಟಿ ನೋಡಿದ. ಟಣ್ ಎಂದಿತು. ಮಡಚುವ ಜಾತಿಯದಲ್ಲ ಅದು.

ಆದರೆ ಚಿಕ್ಕ ತುಂಡಿನಲ್ಲಿ ದೊಡ್ಡ ಹೊಟ್ಟೆಯವನಿಗೆ ಅಂಗಿ ಎಬ್ಬಿಸಿದ ಕೈ ಸುಲಭಕ್ಕೆ ಸೋಲುತ್ತದೆಯೇ? ಹಳೆಯ ಪೇಪರುಗಳನ್ನು ಅಂಟಿಸಿ ಪ್ಯಾನೆಲ್ಲಿನ ಅಳತೆಗೆ ಕತ್ತರಿಸಿದ. ಆ ಪೇಪರುಗಳನ್ನು ದೋಣಿಯ ಮೈಮೇಲೆಲ್ಲ ಹರಡಿ, ಗುಂಡುಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡು ಸುತ್ತ ತಿರುಗಿದ. ಗುಂಡುಪಿನ್ನು ಚುಚ್ಚಲು ದೋಣಿ ಒಪ್ಪಲಿಲ್ಲ. ಆದರೂ ಬಾಯಲ್ಲಿ ಅವು ಇಲ್ಲದಿದ್ದರೆ ಅವನಿಗೆ ಯೋಚನೆ ಹತ್ತುತ್ತಿರಲಿಲ್ಲ.

"ಭುಜದ ಹತ್ರ ಎಳೀತಿದೆ ಕಣೋ. ಇದನ್ನ ಮಧ್ಯಕ್ಕೆ ಕತ್ತರಿಸಿ ಪಟ್ಟಿ ಕೊಡೋಣ್ವಾ?"

"ಭಾವ! ಪ್ಯಾನೆಲ್ ಕತ್ತರಿಸಿದ್ರೆ ಉಳಿಯೋದು ಬರೀ ಗಾಜು. ದಮ್ಮಯ್ಯ, ಕತ್ತರಿ ಕೆಳಗಿಡು."

ಕೊನೆಗೆ ಕೋಣೆಯ ಚಾವಣಿಯ ಮೇಲೆ ನಾಲ್ಕು, ಹಿಂಬದಿಯಲ್ಲಿ ಕಬ್ಬಿಣದ ಪೈಪುಗಳ ಚಪ್ಪರ ಕಟ್ಟಿ ಅದರ ಮೇಲೆ ನಾಲ್ಕು, ಎಡಬಲದ ಕಟಕಟೆಗೆ ರೆಕ್ಕೆಯ ಹಾಗೆ ಎರಡೆರಡು ಕೂತವು. ದೋಣಿ ಮೊಟ್ಟೆಯ ಮೇಲೆ ಕಾವು ಕೂತ ಕೋಳಿಯ ಹಾಗೆ ಕಾಣತೊಡಗಿತು. ಕರೆಂಟು ತುಂಬಿಡುವ ಬ್ಯಾಟರಿಗಳು ಮಂಚದ ಕೆಳಗೆ ಹೋದವು. ಅವೂ ಲೆಕ್ಕಕ್ಕಿಂತ ಜಾಸ್ತಿಯೇ ಇದ್ದುದರಿಂದ ಮಂಚ ಮೇಲೆ ಬಂತು. ಮಲಗಿದರೆ ಮೂಗು ಚಾವಣಿಗೆ ಇನ್ನೇನು ತಾಗಬೇಕು, ಅಷ್ಟು.

"ಒಳ್ಳೇದಾಯ್ತು," ಎಂದಳು ಅಕ್ಕ ಮಲಗಿ ನೋಡಿ. "ಇವರ ಗೊರಕೆ ಇವರ ಮೂಗಿಗೇ ವಾಪಸ್ ಹೋಗುತ್ತೆ."

ಎಲ್ಲ ಜೋಡಿಸಿ ಬಾಮೈದ ಮೀಟರು ನೋಡಿದರೆ ಬರಬೇಕಾದ್ದರಲ್ಲಿ ಅರ್ಧವೂ ಬರುತ್ತಿಲ್ಲ. ಹುಡುಕಿದಾಗ ಸಿಕ್ಕಿದ ಕಳ್ಳ ಹಾಯಿಕಂಬ. ಅದರ ನೆರಳು ಬಳೆಯಷ್ಟೇ ದಪ್ಪ, ಆದರೆ ಗಂಟೆಗೊಂದು ಪ್ಯಾನೆಲ್ಲಿನ ಮೇಲೆ ಮಲಗುತ್ತ ದಿನವಿಡೀ ದೋಣಿ ಸುತ್ತುತ್ತಿತ್ತು.

"ಇಷ್ಟೇ ಇಷ್ಟು ನೆರಳಿಗೆ ಅರ್ಧ ಹೋಗುತ್ತೇನೋ?"

"ಎಲ್ಲಾನೂ ಒಂದೇ ಸಾಲಲ್ಲಿ ಕಟ್ಟಿದೀವಿ ಭಾವ. ಸಾಲಲ್ಲಿ ಒಬ್ಬ ತೂಕಡಿಸಿದ್ರೆ ಉಳಿದವರೂ ಆಕಳಿಸ್ತಾರೆ."

ಇಬ್ಬರೂ ಕಂಬವನ್ನು ಕೆಳಗಿಂದ ಮೇಲಕ್ಕೂ ಮೇಲಿಂದ ಕೆಳಕ್ಕೂ ನೋಡಿದರು. ಹನ್ನೆರಡು ಪ್ಯಾನೆಲ್ಲಿನಲ್ಲಿ ಅರ್ಧ ಬಂದರೂ ಬೇಕಾದ್ದಕ್ಕಿಂತ ಮೂರು ಪಟ್ಟು ಬರುತ್ತಿದೆ ಎಂದು ಆಗ ಇಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬಹುದಿತ್ತು. ಹೊಳೆಯಲಿಲ್ಲ. ಹೊಳೆಯಬೇಕಾದರೆ ಎಷ್ಟು ಸೇರಿಸಿದೆ ಎಂದು ಒಬ್ಬರಿಗೊಬ್ಬರು ಬಾಯಿಬಿಡಬೇಕಲ್ಲ. ಹಾಯಿಕಂಬವನ್ನು ಬಿಚ್ಚಿ ಧಕ್ಕೆಯ ಮೇಲೆ ಮಲಗಿಸಿದರು. ಜೀವಮಾನದಲ್ಲಿ ಟೇಪಣ್ಣ ಹೊಲಿದ ಅತಿ ಚಂದದ ಹಾಯಿ ಮಡಚಿಕೊಂಡು ಮಂಚದ ಮೇಲಿನ ಹಾಸಿಗೆಯಾಯಿತು. ಮೂಗಿಗೂ ಚಾವಣಿಗೂ ನಡುವೆ ಉಳಿದಿದ್ದ ಜಾಗವೂ ಹೋಯಿತು.

"ಹಾಯಿದೋಣಿಗೆ ಹಾಯಿ ಇಲ್ಲ," ಎಂದ ದೋಣಿಯಜ್ಜ. "ಹಲ್ಲಿಗೆ ಜಾಗ ಸಾಲದೂಂತ ನಾಲಿಗೆ ಕಿತ್ತ ಹಾಗಾಯ್ತು."

"ಇಂಜಿನ್ ಇದೆಯಲ್ಲಜ್ಜ."

"ಇದೆ ಇದೆ. ಗಾಳಿಯೂ ಇದೆ, ನೆನಪಿಟ್ಕೋ."

ಪರೀಕ್ಷೆಗೆಂದು ಒಂದು ಬೆಳಿಗ್ಗೆ ಸೂರ್ಯ ಮೂಡುವ ಹೊತ್ತಿಗೇ ಹೊರಟರು. ಟೇಪಣ್ಣ ಚುಕ್ಕಾಣಿಯಲ್ಲಿ, ಬಾಮೈದ ಮೀಟರಿನ ಮುಂದೆ, ಅಕ್ಕ ಮೊದಲ ಐಸ್‌ಗಡ್ಡೆ ಬಾಯಿಗಿಟ್ಟುಕೊಂಡು ದಿಂಬಿನ ಮೇಲೆ. ಇವತ್ತು ಸರಿಹೋದರೆ ಪ್ರವಾಸ, ಇಲ್ಲದಿದ್ದರೆ ಮನೆ ಎಂದು ಅವಳು ಮೊದಲೇ ಹೇಳಿದ್ದಳು. ಬೀದಿಗೆ ಬೀದಿಯೇ ಧಕ್ಕೆಯ ಮೇಲೆ ನಿಂತು ಕೈ ಬೀಸಿತು. ಗೋಡೆಯ ಮರೆಯಲ್ಲಿ ದೋಣಿ ಬೆಣ್ಣೆಯ ಮೇಲೆ ಚಾಕು ಆಡಿದಂತೆ ಜಾರಿತು. ಅಕ್ಕನ ಬಾಯಿಂದ ಕಟ್ ಎಂದು ಒಂದೇ ಕಡಿತ ಕೇಳಿಸಿ ಟೇಪಣ್ಣನ ಎದೆ ಹಾಯಿಯ ಹಾಗೆ ಉಬ್ಬಿತು.

ಗೋಡೆ ಮುಗಿಯಿತು. ಗಾಳಿ ಸಿಕ್ಕಿತು.

ಹನ್ನೆರಡು ಪ್ಯಾನೆಲ್ಲು ಎಂದು ಗಾಳಿಗೆ ಏನು ಗೊತ್ತು? ಅದಕ್ಕೆ ಕಂಡದ್ದು ಹನ್ನೆರಡು ಬಾಗಿಲು, ಎಲ್ಲವೂ ಮುಚ್ಚಿದವು. ಭುಜ ಕೊಟ್ಟು ತಳ್ಳಿತು. ದೋಣಿ ಮೂಗನ್ನು ಸಮುದ್ರದ ಕಡೆ ಇಟ್ಟುಕೊಂಡೇ ಏಡಿಯ ಹಾಗೆ ಅಡ್ಡಡ್ಡ ನಡೆಯತೊಡಗಿತು. ಟೇಪಣ್ಣ ಎಡಕ್ಕೆ ತಿರುಗಿಸಿದ; ಅಡ್ಡಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದ; ಅದೇ ಅಡ್ಡಕ್ಕೆ, ಇನ್ನೂ ಉತ್ಸಾಹದಿಂದ. ಇಂಜಿನ್ನು ಗಂಟಲು ಹರಿಯುವಂತೆ ಕೂಗಿತು.

"ಎಳೇ ಬಿಸಿಲಿಗೇ ಕರೆಂಟ್ ಭರ್ಜರಿ ಬರ್ತಿದೆ ಭಾವ!" ಎಂದ ಬಾಮೈದ, ಮೀಟರಿನಿಂದ ಕಣ್ಣು ತೆಗೆಯದೆ.

"ದೋಣಿ ಎಲ್ಲಿಗೆ ಹೋಗ್ತಿದೆ ನೋಡೋ!"

"ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ."

ಬಂದರಿನ ಆಚೆ ಬದಿಯಲ್ಲಿ, ಇಳಿತದ ಹೊತ್ತಿಗೆ ತಲೆ ಎತ್ತುವ ಮರಳದಿಬ್ಬದ ಮೇಲೆ ದೋಣಿ ಮೆತ್ತಗೆ ಹೋಗಿ ಕೂತಿತು. ನೀರು ಇಳಿಯುತ್ತಲೇ ಇತ್ತು. ಸಂಜೆ ಉಬ್ಬರ ಬರುವವರೆಗೆ ಅಲುಗಾಡುವ ಹಾಗಿಲ್ಲ. ಮರಳದಿಬ್ಬದ ನೇರ ಎದುರಿಗೆ ಯಾವುದೋ ಮನೆಯ ಹಿತ್ತಲು, ಹಿತ್ತಲಲ್ಲಿ ಬಟ್ಟೆ ಒಣಗುವ ತಂತಿ.

"ಅದು ನಮ್ಮನೇನೇ ರೀ," ಎಂದಳು ಅಕ್ಕ. "ನಿಮ್ಮ ಪಟಾಪಟಿ ಚಡ್ಡಿ ಕಾಣ್ತಿದೆ. ಪ್ರಪಂಚ ಸುತ್ತೋಕೆ ಹೊರಟೋರು ಹಿತ್ತಲಿಗೆ ಬಂದಿದೀವಿ."

ಬೀದಿಯವರೆಲ್ಲ ಅಲೆತಡೆ ಗೋಡೆಯ ಮೇಲೆ ಸಾಲಾಗಿ ಕೂತಿದ್ದರು. "ಟೇಪಣ್ಣಾ, ಯಾವ ದೇಶ ಬಂತೋ?" ಎಂದು ಯಾರೋ ಕೂಗಿದರು. ಅಕ್ಕ ಎದ್ದು ಏಣಿಯ ಮೇಲೆ ಒಂದು ಕಾಲಿಟ್ಟಳು. ಕೆಳಗೆ ಮೊಣಕಾಲುದ್ದ ನೀರು.

"ನಾನು ಇಳೀತೀನಿ. ನಡ್ಕೊಂಡು ಹೋದ್ರೆ ಒಲೆ ಆರೋಷ್ಟರಲ್ಲಿ ಮನೆ."

ಟೇಪಣ್ಣನಿಗೆ ಕಾಲಿನ ಕೆಳಗಿನ ದೋಣಿಯಲ್ಲ, ಮುಂದಿನ ಬಂದರುಗಳೆಲ್ಲ ಒಂದೊಂದಾಗಿ ಮುಳುಗಿದಂತಾಯಿತು. "ಮಾತು ಮಾತೇ ಕಣೇ," ಎಂದ ಕೊನೆಗೆ. "ಟ್ರೇ ಖಾಲಿ ಆದ್ರೆ ಇಳೀತೀನಿ ಅಂದಿದ್ದೆ. ಟ್ರೇ ಖಾಲಿ ಆಗಿದೆಯಾ ಹೇಳು."

ಅಕ್ಕ ಮಾತಿಗೆ ತಪ್ಪುವವಳಲ್ಲ. ಕಾಲು ಮೇಲೆಳೆದುಕೊಂಡಳು. "ಸರಿ. ಮುಗೀಲಿ. ಮುಗಿದ ತಕ್ಷಣ ಇಳೀತೀನಿ." ಟ್ರೇ ಮಡಿಲಲ್ಲಿಟ್ಟುಕೊಂಡು ಕಟಕಟ ಕಟಕಟ ಶುರುಮಾಡಿದಳು. ಆದರೆ ಫ್ರಿಜ್ಜಿನೊಳಗೆ ಇನ್ನೊಂದು ಟ್ರೇ ಗಟ್ಟಿಯಾಗುತ್ತಿತ್ತು, ಅದರ ಕೆಳಗೆ ಇನ್ನೊಂದು. ಹನ್ನೆರಡು ಪ್ಯಾನೆಲ್ಲಿನ ಐಸು ಎಲ್ಲಾದರೂ ಮುಗಿಯುವುದುಂಟೆ?

ಗಾಳಿಗೆ ಪ್ಯಾನೆಲ್ಲುಗಳು ಗಡಗಡ ಎಂದವು. ಬಾಮೈದನಿಗೆ ತಡೆಯಲಾಗಲಿಲ್ಲ. "ಭಾವ, ತಪ್ಪಾಯ್ತು. ನಾಲ್ಕು ಸಾಕಿತ್ತು. ನಾನು ಎಂಟು ಹೇಳಿದೆ."

"ಎಂಟಾ? ಬಂದಿದ್ದು ಹನ್ನೆರಡು!"

"ಅಂಗಡಿಯವನು ನಾಲ್ಕು ಸೇರಿಸಿದಾನೆ. ಅವನೂ ನಿನ್ನ ಕೈಯಲ್ಲಿ ಕಲಿತೋನು ತಾನೆ."

ಟೇಪಣ್ಣ ಟೇಪನ್ನು ಎಳೆದಾಡಿಕೊಂಡ. "ನಾನೂ ಸೇರಿಸಿದ್ದೆ ಕಣೋ. ಇವಳು ಹೇಳಿದ್ದು ನಲವತ್ತು. ಎರಡೇ ಸಾಕಿತ್ತು."

ಕಟಕಟ ನಿಂತಿತು. ಅಕ್ಕ ಬಾಯಲ್ಲಿದ್ದುದನ್ನು ನುಂಗಿ, "ನಾನು ತಿನ್ನೋದು ಇಪ್ಪತ್ತು" ಎಂದಳು.

"ನೀನೂನಾ!"

"ಮತ್ತೇನು ಮಾಡ್ಲಿ? ಮದುವೆಗೆ ನೀವು ಬಟ್ಟೆ ಹೊಲಿದುಕೊಟ್ರಲ್ಲ, ನೆನಪಿದೆಯಾ? ಇಡೀ ದಿನ ಅರ್ಧ ಉಸಿರಲ್ಲಿ ನಿಂತಿದ್ದೆ. ಬಂದೋರೆಲ್ಲ ಹುಡುಗಿಗೆ ಎಷ್ಟು ನಾಚಿಕೆ ಅಂದ್ರು. ನಾಚಿಕೆಯಲ್ಲ, ಗಾಳಿ ಇರಲಿಲ್ಲ! ಅವತ್ತಿಂದ ನಿಮಗೆ ಏನು ಅಳತೆ ಹೇಳೋದಿದ್ರೂ ಜಾಸ್ತಿ ಸೇರಿಸೇ ಹೇಳ್ತೀನಿ."

ಟೇಪಣ್ಣ ಮುಖ ತಗ್ಗಿಸಿದ. "ಆವಾಗ ನಿನ್ನ ಮೈಗೆ ಟೇಪು ಹಿಡಿಯೋಕೆ ನಾಚಿಕೆಯಾಯ್ತು. ಕಣ್ಣಳತೇಲಿ ಹೊಲಿದೆ." ಆಮೇಲೂ ಅವಳೇ ಹೇಳುತ್ತಿದ್ದಳು, ಇವನು ಹೊಲಿಯುತ್ತಿದ್ದ. ಇಷ್ಟು ವರ್ಷದ ಸಂಸಾರದಲ್ಲಿ ಬಂದರಿನ ಪ್ರತಿ ದೋಣಿಯನ್ನೂ ಅಳೆದ ಟೇಪು ಹೆಂಡತಿಯನ್ನು ಒಮ್ಮೆಯೂ ಅಳೆದಿರಲಿಲ್ಲ.

ಬಾಮೈದನಿಗೆ ಇಂಥ ಮಾತಿನ ನಡುವೆ ಕೂರುವುದು ಕಷ್ಟವಾಗಿ, ಪ್ಯಾಂಟು ಮಡಚಿಕೊಂಡು ಊಟಕ್ಕೆಂದು ನೀರಿನಲ್ಲಿ ನಡೆದುಹೋದ. ಗೋಡೆಯ ಮೇಲಿನವರು ಚಪ್ಪಾಳೆ ತಟ್ಟಿ ಬರಮಾಡಿಕೊಂಡರು.

ಟೇಪಣ್ಣ ಡಬ್ಬಿಯಿಂದ ದಬ್ಬಣ, ದಪ್ಪ ದಾರ, ಕ್ಯಾನ್ವಾಸಿನ ಒಂದು ಪಟ್ಟಿ ತೆಗೆದುಕೊಂಡು ಹೆಂಡತಿಗೆ ಬೆನ್ನು ಹಾಕಿ ಕೂತ. ಬೆಳಿಗ್ಗೆಯಿಂದ ಖಾಲಿಯಾದ ಗುಳಿಗಳು ಟ್ರೇಯಲ್ಲಿ ಕಾಣುತ್ತಿದ್ದವು. ಅಷ್ಟು ಹೊಲಿಗೆ ಮೊದಲು ಹಾಕಿದ. ಆಮೇಲೆ ಬೆನ್ನ ಹಿಂದೆ ಒಂದು ಗಡ್ಡೆ ಮುರಿದರೆ ಒಂದು ಹೊಲಿಗೆ. ಮುರಿದಂತೆ ಹೊಲಿಗೆ. ಇಲ್ಲದಿದ್ದರೆ ಕೈ ಎತ್ತಿಕೊಂಡೇ ಕೂರುವನು. ಸಿಟ್ಟಿನಲ್ಲಿ ಜಾಸ್ತಿ ತಿನ್ನುತ್ತಾಳೇನೋ ಎಂದು ಒಂದು ಅನುಮಾನ ಬಂತು. ಆದರೆ ಸಿಟ್ಟಿನ ದಿನವೂ ದಿನವೇ. ಪ್ರವಾಸದಲ್ಲಿ ಸಿಟ್ಟಿಗೇನು ರಜೆ ಇರುತ್ತದೆಯೇ?

ಇವನು ಮುನಿಸಿಕೊಂಡು ಏನೋ ಹೊಲಿಯುತ್ತಿದ್ದಾನೆ ಎಂದುಕೊಂಡಳು ಅಕ್ಕ. ಕೂತಳು, ಅಗಿದಳು. ಸಣ್ಣ ಏಡಿಯೊಂದು ಮರಳಲ್ಲಿ ಓಡಿದ್ದನ್ನು ನೋಡಿ ನಕ್ಕಳು. ಬಿಸಿಲು ಬಾಗಿತು. ಕಟಕಟ ಯಾವಾಗಲೋ ಕಟ್ ಆಗಿತ್ತು. ಅದನ್ನು ಅವಳು ಗಮನಿಸಲಿಲ್ಲ, ಇವನು ಗಮನಿಸಿದ.

ದೋಣಿಯ ಹೊಟ್ಟೆಗೆ ನೀರು ತಾಗಿ ಮೊದಲ ಸಲ ಅಲುಗಿದಾಗ ಟೇಪಣ್ಣ ದಾರ ಕಡಿದು ಪಟ್ಟಿಯನ್ನು ಅವಳ ಕೈಗಿಟ್ಟ. "ಎಣಿಸು."

"ಏನಿದು?"

"ನೀನು. ಇವತ್ತು."

ಅವಳು ಬೆರಳಿಟ್ಟು ಎಣಿಸಿದಳು. ತಪ್ಪಿತೆಂದು ಮತ್ತೆ ಎಣಿಸಿದಳು. ನಲವತ್ತು.

"ಸುಳ್ಳು! ನಾನು ಇಪ್ಪತ್ತರ ಮೇಲೆ ತಿನ್ನೋಳೇ ಅಲ್ಲ."

"ಎಲ್ಲರೂ ಹಾಗೇ ಅಂದ್ಕೊಂಡಿರ್ತಾರೆ. ಸುಳ್ಳು ಹೇಳ್ತಿದೀನಿ ಅಂದ್ಕೊಂಡು ನಿಜಾನೇ ಹೇಳಿದೀಯ ಮಾರಾಯ್ತಿ. ನೀನು ಹೇಳಿದ್ದನ್ನ ಹೇಳಿದ ಹಾಗೇ ಹೊಲಿದಿದ್ರೆ ಎರಡೇ ಪ್ಯಾನೆಲ್ಲು, ಹಾಯಿ ಮೇಲಿರೋದು, ಮೂಗಿಗೆ ಗಾಳಿ ಇರೋದು."

ಅಕ್ಕ ಪಟ್ಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಳಿಯುವ ಮಾತು ಆಡಲಿಲ್ಲ. ಆಡಲು ಟ್ರೇಯೂ ಖಾಲಿಯಾಗಿರಲಿಲ್ಲ. ಅಷ್ಟರಲ್ಲಿ ದೋಣಿಯಜ್ಜ ಹಗ್ಗ ಹಿಡಿದು ತನ್ನ ದೋಣಿಯಲ್ಲಿ ಬಂದು, "ಪ್ರವಾಸ ಚೆನ್ನಾಗಾಯ್ತಾ?" ಎಂದು ಕೇಳಿ ಇವರನ್ನು ಧಕ್ಕೆಗೆ ಎಳೆದುಕೊಂಡು ಹೋದ.

ಹತ್ತು ಪ್ಯಾನೆಲ್ಲು ಕೆಳಗಿಳಿದವು. ಮಡಚಲಾಗದಿದ್ದರೂ ಹಂಚಲು ಬಂತು. ಬಾಮೈದನ ಚಾವಣಿಗೆ ಕೆಲವು, ಅಂಗಡಿಯವನು ತಲೆ ಕೆರೆದುಕೊಂಡು ವಾಪಸು ಪಡೆದದ್ದು ಕೆಲವು. ಒಂದು ದೋಣಿಯಜ್ಜನ ಗುಡಿಸಲಿಗೆ. ಆ ಗುಡಿಸಲಿನಲ್ಲಿ ಈಗ ಫ್ಯಾನು ತಿರುಗುತ್ತದೆ. ಗಾಳಿಯನ್ನು ನೆನಪಿಸಿದವನಿಗೆ ಗಾಳಿಯೇ ಕಾಣಿಕೆ ಎಂದು ಬೀದಿ ನಗುತ್ತದೆ. ಉಳಿದ ಎರಡು ಪ್ಯಾನೆಲ್ಲು ದೋಣಿಯ ತೀರಾ ಹಿಂದೆ, ಕಂಬದ ನೆರಳು ಆದಷ್ಟು ಕಡಿಮೆ ಬೀಳುವಲ್ಲಿ, ಬಿಸಿಲಿದ್ದ ಕಡೆ ವಾಲಿಸಲು ಬರುವಂತೆ ಕೂತವು. ಈ ಸಲ ಸಾಲಿನಲ್ಲಿ ಕಟ್ಟಲಿಲ್ಲ. ಒಬ್ಬ ತೂಕಡಿಸಿದರೂ ಇನ್ನೊಬ್ಬ ಎಚ್ಚರವಿರಲಿ ಎಂದು ಬೇರೆ ಬೇರೆ ತಂತಿ. ಹಾಯಿಕಂಬ ಎದ್ದು ನಿಂತಿತು. ಹಾಸಿಗೆ ಮತ್ತೆ ಹಾಯಿಯಾಯಿತು.

ಹೊರಡುವ ದಿನ ಅಕ್ಕ ದೋಣಿಗೆ ಬಂದಾಗ ಟೇಪಣ್ಣ ಅವಳ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಬಿಚ್ಚಿಕೊಂಡು ಕೂತಿದ್ದ. ಅಂಗಡಿಯಿಂದ ತಂದದ್ದು ಸಡಿಲ. ಸಡಿಲವಿದ್ದರೆ ನೀರಿನಲ್ಲಿ ಅದು ಮೇಲೆ, ಮನುಷ್ಯ ಕೆಳಗೆ.

"ನನ್ನ ಎದೆಯಳತೆ..." ಎಂದು ಅಕ್ಕ ಬಾಯಿ ತೆಗೆದಳು.

"ಹೇಳಬೇಡ."

ಕೊರಳಿನ ಟೇಪು ತೆಗೆದ. ಧಕ್ಕೆಯ ಮೇಲೆ ಬೀದಿಯವರೆಲ್ಲ ನಿಂತಿದ್ದಾರೆಂದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಎರಡೂ ತೋಳು ಅಗಲಿಸಿ, ಹಾಯಿಕಂಬಕ್ಕೆ ಅಡ್ಡಪಟ್ಟಿಯ ಹಾಗೆ ನೆಟ್ಟಗೆ ನಿಂತಳು. ಟೇಪು ಬೆನ್ನು ಸುತ್ತಿ ಮುಂದಕ್ಕೆ ಬಂತು. ಅವಳು ಹೊಟ್ಟೆ ಒಳಗೆಳೆದುಕೊಂಡು ಕಣ್ಣು ಮುಚ್ಚಿದ್ದಳು.

"ಲೇ, ಉಸಿರು ಬಿಡು," ಎಂದ ಟೇಪಣ್ಣ, ತುದಿಯನ್ನು ಬೆರಳಲ್ಲಿ ಸಡಿಲಾಗಿ ಹಿಡಿದು. "ಪೂರ್ತಿ ಬಿಡು. ನಾನು ಕಾಯ್ತೀನಿ."